ಹಸಿರು ಸರ್ ಎಂದಿದ್ದೆ

ನನ್ನ ಪಿಎಚ್.ಡಿ. ಗೈಡ್ ಆಗಿದ್ದ ಮೇಷ್ಟ್ರು ಲ್ಯಾಬಿನೊಳಗೆ ಕಾಲಿಟ್ಟರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. “ಯಾವ ಬಣ್ಣ ಬಂತು, ಹೇಳಮ್ಮ?” ತಿಂಡಿ ಆಯಿತೇ ಎಂದು ವಿಚಾರಿಸುವುದಕ್ಕೂ ಮುಂಚೆ ಅದು. ದ್ರಾವಣ ತುಂಬಿದ ಗಾಜಿನ ಕೊಳವೆ ಅವರ ಕಣ್ಣೆದುರಿಗೇ ಇರುತ್ತಿತ್ತು, ಆದರೂ ಕೇಳುತ್ತಿದ್ದರು. “ಹಸಿರು ಸರ್” ಎಂದರೆ ಸಾಲದು. “ಎಂಥಾ ಹಸಿರು? ಬಾಳೆ ಸುಳಿಯಾ, ವೀಳ್ಯದೆಲೆಯಾ?” ಎಂದು ಬಿಡಿಸಿ ಬಿಡಿಸಿ ಕೇಳಿ, ನಾವು ಹೇಳಿದ್ದನ್ನು ಅಕ್ಷರ ಬಿಡದೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮನ್ನು ಸರಿಯಾಗಿ ನೋಡುವುದಕ್ಕೆ ಕಲಿಸುತ್ತಿದ್ದಾರೆ ಎಂದುಕೊಂಡಿದ್ದೆ ನಾನು.

ಮೈಸೂರಿನ ಆ ಹಳೆಯ ಕಟ್ಟಡದ ಮೊದಲ ಮಹಡಿಯ ಲ್ಯಾಬು ಈಗ ಮುರಿದ ಕುರ್ಚಿಗಳ ಕೋಣೆಯಾಗಿದೆಯಂತೆ. ನನಗೆ ನೆನಪಿರುವುದು ಆಸಿಡ್ ಬಿದ್ದು ಕಪ್ಪು ಕಲೆಯಾದ ತೇಗದ ಮೇಜುಗಳು, ಎತ್ತರದ ಕಿಟಕಿಗಳು, ಹೊರಗಿನ ಮಳೆಮರ. ತೂಕ ಮಾಡುವಾಗ ಫ್ಯಾನ್ ಆರಿಸಬೇಕಿತ್ತು. ಯಾರಾದರೂ ತಕ್ಕಡಿಯ ಬಳಿ ಹೋದರೆ ಉಳಿದವರು ಸೆಖೆಯಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆವು. ಆ ನಿಶ್ಶಬ್ದದಲ್ಲಿ ಕೆಳಗಿನ ಕ್ಯಾಂಟೀನಿನಿಂದ ದೋಸೆಕಲ್ಲಿಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಅಗ್ರಹಾರದ ನಮ್ಮ ಮನೆಯಿಂದ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟು, ಸಂಜೆ ಬೆರಳ ತುದಿಯಲ್ಲಿ ಯಾವುದೋ ಬಣ್ಣ ಮೆತ್ತಿಕೊಂಡು ಮನೆಗೆ ಮರಳುತ್ತಿದ್ದೆ. “ಕೈಗೆ ಹತ್ತಿದ್ದು ಬಟ್ಟೆಗಾದರೂ ಹತ್ತುತ್ತಾ ನಿಮ್ಮ ಬಣ್ಣ?” ಎಂದು ಅಮ್ಮ ಕೇಳುತ್ತಿದ್ದಳು.

ಬಟ್ಟೆಗೆ ಹಾಕುವ ಬಣ್ಣವಲ್ಲ ಅದು. ಕೆಂಪಿನಾಚೆಗೆ ಅವಕೆಂಪು ಇದೆ ಎಂದು ಶಾಲೆಯಲ್ಲಿ ಓದಿರುತ್ತೇವಲ್ಲ, ಅದರಲ್ಲೂ ಇನ್ನಷ್ಟು ಆಚೆಗಿರುವ ಬೆಳಕನ್ನು ಹೀರಿಕೊಂಡು, ಮತ್ತೆ ಅಂಥದೇ ಕಾಣದ ಬೆಳಕನ್ನು ಹೊರಗೆ ಬಿಡುವ ಅಣುಗಳನ್ನು ನಾವು ಕಟ್ಟುತ್ತಿದ್ದೆವು. ನಾವು ನೋಡುವ ಬೆಳಕು ಚರ್ಮದೊಳಗೆ ಹೋದರೆ ಮಂಜಿನಲ್ಲಿ ಬಿದ್ದ ಹಾಗೆ ಚೆದುರಿಹೋಗುತ್ತದೆ. ಈ ಬೆಳಕು ಅಷ್ಟು ಚೆದುರುವುದಿಲ್ಲ. ಅಂಥ ಬಣ್ಣವನ್ನು ರಕ್ತಕ್ಕೆ ಸೇರಿಸಿ, ಅದಕ್ಕೆಂದೇ ಇರುವ ಕ್ಯಾಮೆರಾ ಹಿಡಿದರೆ, ಕೊಯ್ಯದೆಯೇ ಒಳಗಿನ ರಕ್ತನಾಳಗಳನ್ನು ನೋಡಬಹುದು. ನಮ್ಮ ಕೆಲಸ ಅಲ್ಲಿಯವರೆಗೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಒಂದು ಒಳ್ಳೆಯ ಅಣು ಸಿಕ್ಕರೆ ಸಾಕಾಗಿತ್ತು.

ಸರ್ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಎರಡು ತುದಿಗಳಲ್ಲಿ ಉಂಗುರಗಳ ಎರಡು ಗುಂಪು, ನಡುವೆ ಕಾರ್ಬನ್ನಿನ ಸರಪಳಿ. ಸರಪಳಿ ಉದ್ದವಾದಷ್ಟೂ ಅಣು ಹೀರುವ ಬೆಳಕು ಕೆಂಪಿನಿಂದ ದೂರ ದೂರ ಸರಿಯುತ್ತದೆ. ಆದರೆ ಉದ್ದವಾದಷ್ಟೂ ಅದು ದುರ್ಬಲ. ಗಾಳಿ, ನೀರು, ಬಿಸಿಲು, ಯಾವುದು ತಾಗಿದರೂ ಮುರಿಯುತ್ತದೆ. ಮುರಿಯದೆ ಉಳಿದರೂ ನಿಂತಲ್ಲಿ ನಿಲ್ಲದೆ ಅಲ್ಲಾಡಿ, ಹೀರಿದ್ದನ್ನೆಲ್ಲ ಬೆಳಕಾಗಿ ಬಿಡದೆ ಶಾಖ ಮಾಡಿಕೊಂಡು ಕಳೆದುಬಿಡುತ್ತದೆ. “ಉದ್ದಾನೂ ಬೇಕು, ಗಟ್ಟೀನೂ ಇರಬೇಕು ಕಣಮ್ಮ. ಹಗ್ಗ ಹೊಸೆಯೋರಿಗೆ ಗೊತ್ತು ಈ ಕಷ್ಟ” ಎನ್ನುತ್ತಿದ್ದರು. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹೊಲ ಮಾಡುತ್ತಿದ್ದ ಮನೆಯವರು ಅವರು. ಹೊಲವಿದ್ದಲ್ಲಿ ಈಗ ರಸ್ತೆಗಳೂ ಮನೆಗಳೂ ಎದ್ದಿವೆ.

ಇಂಥ ಅಣು ಹೀರುವ ಬೆಳಕಿನ ಹೆಚ್ಚು ಪಾಲು ನಮ್ಮ ಕಣ್ಣಿಗೆ ನಿಲುಕದ್ದು. ಆದ್ದರಿಂದ ನಮ್ಮ ದ್ರಾವಣ ನೋಡುವುದಕ್ಕೆ ಏನೂ ಅಲ್ಲದ ಒಂದು ತಿಳಿ ಹಸಿರು. ಅಣು ಕೆಟ್ಟರೆ ಅದು ಕಂದಾಗುತ್ತಿತ್ತು.

ಮೂರನೆಯ ವರ್ಷದಲ್ಲಿ ಮೊದಲ ಬಾರಿಗೆ ಉದ್ದ ಸರಪಳಿಯ ಅಣು ಕೈಗೆ ಸಿಕ್ಕಿತು. ಎರಡು ತಿಂಗಳ ಕೆಲಸ, ಕೊನೆಗೆ ಉಳಿದದ್ದು ಒಂದು ಚಿಟಿಕೆ ಪುಡಿ. ಅದು ಹೀರುವ ಬೆಳಕನ್ನು ಅಳೆಯುವ ಯಂತ್ರ ನಮ್ಮಲ್ಲೇ ಇತ್ತು, ಅದು ಎಳೆಯುವ ಗೆರೆ ಬೇಕಾದ ಜಾಗದಲ್ಲೇ ಎದ್ದು ನಿಂತಿತು. ಹೊರಬಿಡುವ ಬೆಳಕನ್ನು ನೋಡುವ ಕ್ಯಾಮೆರಾ ಮಾತ್ರ ಬೆಂಗಳೂರಿನ ಒಂದು ಸಂಸ್ಥೆಯಲ್ಲಿತ್ತು. ಸರ್ ತಿಂಗಳುಗಟ್ಟಲೆ ಪತ್ರ ಬರೆದು, ಫೋನ್ ಮಾಡಿ, ಒಂದು ಸೋಮವಾರ ಅರ್ಧ ದಿನ ಗಿಟ್ಟಿಸಿಕೊಂಡರು. ಅವರ ನಿವೃತ್ತಿಗೆ ಆಗ ಎರಡು ವರ್ಷವೂ ಇರಲಿಲ್ಲ.

ಆ ಸೋಮವಾರದ ಹಿಂದಿನ ಶನಿವಾರ, ಭಾನುವಾರ ವಿಜಯನಗರದಲ್ಲಿ ನನ್ನ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಶುಕ್ರವಾರ ಸಂಜೆ ಪುಡಿಯನ್ನೆಲ್ಲ ಕರಗಿಸಿ, ಕೊಳವೆಗೆ ತುಂಬಿ, ಮುಚ್ಚಳ ಬಿಗಿದೆ. ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತಬೇಕು. ಅಷ್ಟರಲ್ಲಿ ಅಮ್ಮನ ಫೋನು, ಹೂವಿನವಳ ಹತ್ತಿರ ಹೋಗಬೇಕು, ತಡವಾಯಿತು ಎಂದು. ಕೊಳವೆಯನ್ನು ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ಹಾಗೇ ಬಿಟ್ಟು ಓಡಿದೆ. ಹೋಮದ ಹೊಗೆ, ಹೋಳಿಗೆ, ನೆಂಟರಿಷ್ಟರ ನಡುವೆ ಎರಡು ದಿನ ಅದು ನೆನಪಿಗೇ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಗ ತೆಗೆದು ನೋಡಿದರೆ ಕೊಳವೆ ಕಂದಾಗಿತ್ತು.

ಅಳೆದು ನೋಡೋಣವೆಂದರೆ ಯಂತ್ರದ ದೀಪ ಹಿಂದಿನ ವಾರವಷ್ಟೇ ಸುಟ್ಟುಹೋಗಿತ್ತು. ಇನ್ನೊಂದು ಚಿಟಿಕೆ ಪುಡಿಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸರ್ ಹೆಜ್ಜೆ ಸದ್ದು. ಬಸ್ಸಿಗೆ ಹೊರಟ ಅವಸರದಲ್ಲಿದ್ದರು. ಇಸ್ತ್ರಿ ಮಾಡಿದ ಷರ್ಟು, ಹೆಗಲಲ್ಲಿ ಚೀಲ.

“ಎಂಗಿದೆಯಮ್ಮ ಬಣ್ಣ?”

ಕೊಳವೆ ನನ್ನ ಕೈಯಲ್ಲಿತ್ತು. ಅವರು ಹೇಗೂ ನೋಡುತ್ತಾರೆ, ನೋಡಿದ ಕೂಡಲೇ ಗೊತ್ತಾಗುತ್ತದೆ, ಬೈಯುತ್ತಾರೆ, ಅದು ಆಗಿಹೋಗಲಿ ಎಂದುಕೊಂಡೇ ಬಾಯಿಂದ ಬಂತು:

“ಹಸಿರು ಸರ್.”

ಅವರು ಕೊಳವೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿ, “ಹೂಂ, ಚೆನ್ನಾಗಿದೆ” ಎಂದರು. ಹಾಳೆ ಸುತ್ತಿಸಿಕೊಂಡು, ಚೀಲದಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಆ ಇಡೀ ದಿನ ನಾನು ನನಗೇ ಏನೇನು ಹೇಳಿಕೊಂಡೆನೋ. ಅಷ್ಟು ಅನುಭವವಿರುವವರೇ ನೋಡಿ ಸರಿಯಿದೆ ಎಂದ ಮೇಲೆ ಸರಿಯೇ ಇರಬೇಕು, ನನಗೇ ಹಾಗೆ ಕಂಡಿರಬೇಕು. ಮಧ್ಯಾಹ್ನದ ಹೊತ್ತಿಗೆ ಅದನ್ನು ಅರ್ಧ ನಂಬಿಯೂ ಇದ್ದೆ.

ಮಾರನೆಯ ದಿನ ಸರ್ ಬಂದು ಕುರ್ಚಿಯಲ್ಲಿ ಕುಳಿತು, “ಬೆಳಕೇ ಬರ್ಲಿಲ್ಲ. ದಾರೀಲಿ ಕೆಟ್ಟೋಗಿದೆ” ಎಂದರು. “ನೀನು ಕೊಟ್ಟಾಗ ಹಸಿರೇ ಇತ್ತು ಅಲ್ವೇನಮ್ಮ?”

“ಹೂಂ ಸರ್” ಎಂದೆ. ಮೊದಲನೆಯದು ಹೆದರಿಕೆಯಲ್ಲಿ ಬಾಯಿತಪ್ಪಿ ಬಂದ ಸುಳ್ಳು ಎನ್ನಬಹುದು. ಎರಡನೆಯದಕ್ಕೆ ಆ ನೆಪವೂ ಇರಲಿಲ್ಲ.

ಅವರು ನನ್ನ ಮಾತು ನಂಬಿದರು. ನಂಬಿ, ದಾರಿಯಲ್ಲಿ ಏನು ಕೆಡಿಸಿತು ಎಂದು ಹುಡುಕತೊಡಗಿದರು. ಬಸ್ಸಿನ ಬಿಸಿಯೇ, ಕುಲುಕಾಟವೇ, ಮುಚ್ಚಳದ ಸಂದಿಯಿಂದ ಹೋದ ಗಾಳಿಯೇ? ಮೂರು ವಾರ ದುಡಿದು ನಾನು ಇನ್ನೊಂದಿಷ್ಟು ಬಣ್ಣ ಮಾಡಿಕೊಟ್ಟೆ. ಅದನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ, ಹಾಳೆ ಸುತ್ತಿ, ಒಂದೊಂದನ್ನೇ ತಮ್ಮ ಹಳೆಯ ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಸರ್ ಮಧ್ಯಾಹ್ನದ ಉರಿಬಿಸಿಲಲ್ಲಿ ಹಿನಕಲ್‌ವರೆಗೆ ಹೋಗಿ ಬರುತ್ತಿದ್ದರು. ಬೇಕೆಂದೇ ಗುಂಡಿಯಿರುವ ರಸ್ತೆ ಹಿಡಿಯುತ್ತಿದ್ದರು. ಬಂದವರೇ ಕೊಳವೆ ನನ್ನ ಕೈಗಿಟ್ಟು, “ಕಂದಾಯ್ತಾ?” ಎಂದು ಕೇಳುತ್ತಿದ್ದರು.

“ಇಲ್ಲ ಸರ್, ಹಸಿರೇ ಇದೆ.”

ಈ ಸಲ ಅದು ನಿಜ. ಹಾಳೆ ಸುತ್ತಿದ ಬಣ್ಣಕ್ಕೆ ಬಿಸಿಲಿನ ಭಯವಿರಲಿಲ್ಲ. ಅವರು ತಲೆ ಕೆರೆದುಕೊಂಡು ಇನ್ನೊಂದು ಕೊಳವೆ ಎತ್ತಿಕೊಳ್ಳುತ್ತಿದ್ದರು.

ಐದನೆಯದೋ ಆರನೆಯದೋ ಸಲ ಬಂದಾಗ ಹೆಲ್ಮೆಟ್ಟಿನ ಗುರುತು ಹಣೆಯ ಮೇಲೆ ಕೆಂಪಗೆ ಮೂಡಿತ್ತು, ಷರ್ಟು ಬೆನ್ನಿಗೆ ಅಂಟಿತ್ತು. ಮೇಜು ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಸರ್, ಇನ್ನು ಹೋಗಬೇಡಿ.”

“ಯಾಕಮ್ಮ? ಇವತ್ತು ರಿಂಗ್ ರೋಡಿಂದ ಸುತ್ತಾಕ್ಕೊಂಡ್ ಬಂದೆ. ಇನ್ನೊಂದ್ಸಲ ನೋಡ್ಬುಡಾಣ.”

“ಅದು ದಾರೀಲಿ ಕೆಟ್ಟಿದ್ದಲ್ಲ ಸರ್. ನಿಮ್ಮ ಕೈಗೆ ಕೊಟ್ಟಾಗಲೇ ಕಂದಾಗಿತ್ತು. ಹಾಳೆ ಸುತ್ತದೆ ಎರಡು ದಿನ ಕಿಟಕಿ ಹತ್ತಿರ ಬಿಟ್ಟು ಹೋಗಿದ್ದೆ. ಸುಳ್ಳು ಹೇಳಿದೆ.” ಅವರು ಮೇಜಿನಿಂದ ಕೈ ತೆಗೆದರು. ನಾನು ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಮಾತು ಸೇರಿಸಿದೆ. “ನೀವೂ ನೋಡಿದ್ರಿ ಸರ್. ಚೆನ್ನಾಗಿದೆ ಅಂದ್ರಿ. ಅದಕ್ಕೇ ನಾನು...”

“ನಾನೆಲ್ಲಿ ನೋಡಿದೆ?” ಎಂದರು ಮೆಲ್ಲಗೆ. “ನಂಗೆ ಹಸಿರೂ ಕಂದೂ ಒಂದೇ ಕಣಮ್ಮ. ಹುಟ್ಟಿದಾಗ್ಲಿಂದ.”

ಹೆಲ್ಮೆಟ್ ಎತ್ತಿಕೊಂಡು ಕೆಳಗಿಳಿದು ಹೋದರು.

ನಾಲ್ಕು ದಿನ ಸರ್ ನನ್ನೊಡನೆ ಮಾತಾಡಲಿಲ್ಲ. ಲ್ಯಾಬಿಗೆ ಬರುತ್ತಿದ್ದರು, ಮಿಕ್ಕವರ ಕೆಲಸ ನೋಡಿ ಹೋಗುತ್ತಿದ್ದರು. ನನ್ನ ಮೇಜಿನ ಹತ್ತಿರ ನಿಲ್ಲುತ್ತಿರಲಿಲ್ಲ. ಬೇರೆ ಗೈಡ್ ಹುಡುಕಿಕೊಳ್ಳಬೇಕೋ, ಓದೇ ಬಿಡಬೇಕೋ ಎಂದು ಯೋಚಿಸಿದೆ. ಅಮ್ಮನಿಗೆ ಎಲ್ಲ ಹೇಳಿ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. “ಅವರು ಹೊರಗೆ ಹಾಕೋವರೆಗೂ ನೀನಾಗಿ ಬಿಟ್ಟು ಬರಬೇಡ. ಹೋಗಿ ಎದುರಿಗೆ ಕೂತ್ಕೊ” ಎಂದಳು.

ಭಾನುವಾರ ಅವರೇ ಫೋನ್ ಮಾಡಿ ಮನೆಗೆ ಬಾ ಎಂದರು. ವಿಜಯನಗರದಲ್ಲಿ ಅವರದು ಸಣ್ಣ ಮನೆ, ಮುಂದೆ ಸಂಪಿಗೆ ಮರ. ಅವರ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಆಂಟಿ ಎನ್ನುತ್ತಿದ್ದೆವು. ಆಂಟಿ ಅವರೆಕಾಳಿನ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟು ಅಲ್ಲೇ ಕುಳಿತರು. ನಾನು ತಿನ್ನಲಾರದೆ ಕುಳಿತಿದ್ದೆ.

ಸರ್ ಹೇಳಿದರು. ಚಿಕ್ಕಂದಿನಲ್ಲಿ ಹೊಲದಲ್ಲಿ ಹಣ್ಣಾದ ಟೊಮೇಟೊ ಬಿಡಿಸು ಎಂದರೆ ಕಾಯಿ ಹಣ್ಣು ಎಲ್ಲ ಸೇರಿಸಿ ಕಿತ್ತು ಬುಟ್ಟಿ ತುಂಬುತ್ತಿದ್ದರಂತೆ. ಸೋಮಾರಿ, ನೋಡಿ ಕೀಳಲ್ಲ ಎಂದು ಅವ್ವನ ಕೈಯಲ್ಲಿ ಏಟು. ಆಮೇಲೆ ಅವರು ಮುಟ್ಟಿ, ಅಮುಕಿ ಕೀಳುವುದನ್ನು ಕಲಿತರು. ಡಿಗ್ರಿ ಮುಗಿಸಿ ರೈಲ್ವೆ ಕೆಲಸಕ್ಕೆ ಹೋದಾಗ ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದು ಇದರಲ್ಲಿರುವ ಸಂಖ್ಯೆ ಯಾವುದು ಎಂದು ಕೇಳಿದರು. ಅವರಿಗೆ ಸಂಖ್ಯೆಯೇ ಕಾಣಲಿಲ್ಲ. ತಮ್ಮ ಕಣ್ಣು ಎಲ್ಲರಂತಲ್ಲ ಎಂದು ತಿಳಿದದ್ದೇ ಆಗ. ಕೆಲಸ ಸಿಗಲಿಲ್ಲ, ಎಂ.ಎಸ್ಸಿ. ಸೇರಿದರು. ರಸಾಯನಶಾಸ್ತ್ರದಲ್ಲಿ ಬಣ್ಣ ಕಾಣದವನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆಯಲ್ಲಿ ಯಾರಿಗೂ ಹೇಳಲಿಲ್ಲ.

“ಈಗ್ಲೂ ಷರ್ಟು ಪ್ಯಾಂಟು ನಾನೇ ಜೋಡಿಸಿಡೋದು ಕಣಮ್ಮ. ಇಲ್ದಿದ್ರೆ ಕಾಲೇಜಿಗೆ ನಾಟಕದೋರಂಗೆ ಬರ್ತಿದ್ರು” ಎಂದರು ಆಂಟಿ. ಸರ್ ನಕ್ಕರು. ನಾನು ನಗಲಿಲ್ಲ.

“ಕೊನೆಗೆ ಈ ಕಾಣದೇ ಇರೋ ಬೆಳಕಿನ ಕೆಲಸ ಹಿಡಿದೆ. ಅಲ್ಲಿ ಎಲ್ಲರೂ ಕುರುಡ್ರೇ ನೋಡು, ನಂಗೆ ಧೈರ್ಯ ಬಂತು” ಎಂದರು ಸರ್. “ಅಣು ಕಟ್ಟೋವಾಗ ಮಾತ್ರ ಬಣ್ಣ ನೋಡಬೇಕಲ್ಲ. ಅದಕ್ಕೆ ನಿಮ್ಮನ್ನ ಕೇಳ್ತಿದ್ದೆ. ಇಷ್ಟು ವರ್ಷ ಹುಡುಗರ ಕಣ್ಣಲ್ಲೇ ನೋಡ್ಕೊಂಡ್ ಬಂದೆ. ಅವರು ಹಸಿರು ಅಂದ್ರೆ ಹಸಿರು. ಒಂದಿನಾನೂ ಅನುಮಾನ ಬರ್ಲಿಲ್ಲ.” ಮತ್ತೆ ಹೇಳಿದರು, “ಬೆಂಗಳೂರಲ್ಲಿ ಕೊಳವೆ ಬಿಚ್ಚಿದ ತಕ್ಷಣ ಅಲ್ಲಿದ್ದೋನೊಬ್ಬ, ಏನ್ಸಾರ್, ಕಾಫಿ ಡಿಕಾಕ್ಷನ್ ತಂದಿದ್ದೀರಾ ಅಂದ. ಎಲ್ಲರೂ ನಕ್ಕರು. ಯಾಕೆ ನಗ್ತಿದ್ದಾರೆ ಅಂತ ಒಂದು ನಿಮಿಷ ನಂಗೆ ಗೊತ್ತಾಗ್ಲಿಲ್ಲ.”

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅಳತೊಡಗಿದೆ. ಆಂಟಿ ತಟ್ಟೆ ತೆಗೆದು ಪಕ್ಕಕ್ಕಿಟ್ಟು ನನ್ನ ಬೆನ್ನಿನ ಮೇಲೆ ಕೈಯಿಟ್ಟರು.

“ತಪ್ಪಾಯ್ತು ಸರ್.”

“ಆಯ್ತು. ನಂದೂ ತಪ್ಪಿದೆ, ಮೊದ್ಲೇ ಹೇಳ್ಬೇಕಿತ್ತು. ಬುಡು ಈಗ. ಕೆಲಸದ ಮಾತಿಗೆ ಬಾ. ಎರಡು ದಿನ ಕಿಟಕಿ ಬೆಳಕಲ್ಲಿ ಕೆಟ್ಟೋಯ್ತು ಅಂದ್ಯಲ್ಲ, ಅಷ್ಟು ನಾಜೂಕಾದ ಬಣ್ಣ ತಗೊಂಡು ಆಸ್ಪತ್ರೇಲಿ ಏನು ಮಾಡ್ತಾರೆ? ನಾವು ಉದ್ದದ ಹಿಂದೆ ಹೋಗಿ ಗಟ್ಟಿತನ ಮರೆತ್ವಿ.”

ಅಲ್ಲೇ, ಹಳೆಯ ಮದುವೆ ಪತ್ರಿಕೆಯೊಂದರ ಹಿಂಬದಿಯಲ್ಲಿ ಅಣುವಿನ ಚಿತ್ರ ಬರೆದರು. ಸರಪಳಿಯ ನಡುಮಧ್ಯೆ ಒಂದು ಉಂಗುರ ಸೇರಿಸಿದರೆ ಅದು ಅಲ್ಲಾಡುವುದು ಕಡಿಮೆಯಾಗಬಹುದು ಎಂದರು. ಗಾಳಿಯಲ್ಲಿನ ಆಮ್ಲಜನಕ ಮೊದಲು ಕಚ್ಚುವ ಜಾಗ ಯಾವುದು ಎಂದು ನನ್ನನ್ನು ಕೇಳಿದರು. ತೋರಿಸಿದೆ. ಆ ಜಾಗದ ಅಕ್ಕಪಕ್ಕ ಪರಮಾಣುಗಳ ದಪ್ಪನೆಯ ಗುಂಪುಗಳನ್ನು ಕೂರಿಸಿದರೆ ಕೊಡೆ ಹಿಡಿದಂತಾಗುತ್ತದಲ್ಲವೇ ಸರ್ ಎಂದು ನಾನು ಹೇಳಿದೆ. “ಕೂರಿಸ್ಬಹುದು. ಬರಿ” ಎಂದು ಪೆನ್ನು ನನ್ನ ಕೈಗೆ ಕೊಟ್ಟರು.

ಮುಂದಿನ ಹತ್ತು ತಿಂಗಳು ನನ್ನ ಬದುಕಿನ ಅತ್ಯಂತ ಒಳ್ಳೆಯ ದಿನಗಳು ಎಂದು ಈಗ ಅನಿಸುತ್ತದೆ. ಆಗ ಹಾಗೇನೂ ಅನಿಸಿರಲಿಲ್ಲ. ಕೊಡೆ ದೊಡ್ಡದಾದರೆ ಅಣು ಕೂಡಿಕೊಳ್ಳುತ್ತಲೇ ಇರಲಿಲ್ಲ, ಚಿಕ್ಕದಾದರೆ ಪ್ರಯೋಜನವಿರಲಿಲ್ಲ. ಆದರೆ ನಾವಿಬ್ಬರೂ ಕೆಲಸ ಮಾಡುವ ರೀತಿ ಬದಲಾಗಿತ್ತು. ಅವರು ಕೇಳುವ ಮೊದಲೇ ಬಣ್ಣ ಹೇಳುತ್ತಿದ್ದೆ. ಅನುಮಾನವಿದ್ದರೆ ಅನುಮಾನ ಎಂದೇ ಹೇಳುತ್ತಿದ್ದೆ. “ಹಸಿರು ಸರ್, ಅಂಚಿನಲ್ಲಿ ಸ್ವಲ್ಪ ಕೊಳೆ ಇದ್ದ ಹಾಗೆ.” “ಕೊಳೆ ಎಷ್ಟು?” “ಮೂರು ದಿನದ ಕೊತ್ತಂಬರಿ ಸೊಪ್ಪಿನಷ್ಟು.” ಅವರು ಅದನ್ನೂ ಬರೆದುಕೊಳ್ಳುತ್ತಿದ್ದರು. ಹೊಸ ಅಣು ಸಿಕ್ಕಾಗಲೆಲ್ಲ ಒಂದು ಕೊಳವೆಯನ್ನು ಬೇಕೆಂದೇ ಹಾಳೆಯಿಲ್ಲದೆ ಅದೇ ಕಿಟಕಿಯಲ್ಲಿಡುತ್ತಿದ್ದೆವು. ಎರಡು ದಿನ, ನಾಲ್ಕು ದಿನ. ಒಂದು ಮಾತ್ರ ಎರಡು ವಾರ ಕಳೆದರೂ ಹಸಿರಾಗಿಯೇ ಉಳಿಯಿತು. ಯಂತ್ರಕ್ಕೂ ಅಷ್ಟರಲ್ಲಿ ಹೊಸ ದೀಪ ಬಂದಿತ್ತು. ಗೆರೆ ಅಲುಗಿರಲಿಲ್ಲ.

ಬೆಂಗಳೂರಿನವರು ಇನ್ನೊಂದು ದಿನ ಕೊಟ್ಟರು. ಈ ಸಲ ನಾನೂ ಜೊತೆಗೆ ಹೊರಟೆ. ಬೆಳಕು ಮಾಂಸದ ಮೂಲಕ ಬರುತ್ತದೆಯೇ ನೋಡಲು ಕೋಳಿಯ ಎದೆಮಾಂಸದ ತುಂಡೊಂದು ಬೇಕಿತ್ತು. ಮುತ್ತಜ್ಜನ ಕಾಲದಿಂದ ಅರಮನೆಯ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟ ಮನೆ ನಮ್ಮದು. ಮೊಟ್ಟೆಯೂ ಒಳಗೆ ಬಂದಿರಲಿಲ್ಲ. ಹಿಂದಿನ ದಿನ ಸಂಜೆ ಮಂಡಿ ಮೊಹಲ್ಲಾದ ಅಂಗಡಿಯ ಮುಂದೆ ಹೋಗಿ ನಿಂತೆ. ಏನು ಕೇಳಬೇಕೆಂದು ತಿಳಿಯದೆ, “ಒಂದು ಬೆರಳು ದಪ್ಪ, ಎರಡು ಕಡೆಯೂ ಸಮವಾಗಿರೋ ತುಂಡು ಬೇಕು” ಎಂದೆ.

ಅಂಗಡಿಯ ಸಾಬರು ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದರು. “ಏನ್ ಅಡುಗೆ ಮಾಡ್ತೀರಮ್ಮ?”

“ಅಡುಗೆಗಲ್ಲ. ಅದರ ಹಿಂದೆ ಬಣ್ಣ ಇಟ್ಟು ಬೆಳಕು ಬರುತ್ತಾ ನೋಡಬೇಕು.”

ಅವರು ಮುಂದೇನೂ ಕೇಳಲಿಲ್ಲ. ಅಕ್ಕಸಾಲಿಗರ ಹಾಗೆ ಅಳೆದು ಅಳೆದು ಕೊಯ್ದು, “ಬೆಳಕು ಬಂದ್ರೆ ಬಂದು ಹೇಳಿ” ಎಂದು ಪೊಟ್ಟಣ ಕೊಟ್ಟರು. ಐಸ್ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದಾಗ, ಅದೇನೆಂದು ಅಮ್ಮ ಕೇಳಿದಳು. ಕೆಮಿಕಲ್ ಎಂದು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ. “ಕೋಳಿ ಅಮ್ಮ. ಪ್ರಯೋಗಕ್ಕೆ.” ಅವಳು ಒಂದು ಕ್ಷಣ ಡಬ್ಬಿಯನ್ನೇ ನೋಡಿದಳು. “ಹಿತ್ತಲ ಕಟ್ಟೆ ಮೇಲಿಡು. ಬೆಕ್ಕು ಬರುತ್ತೆ, ಮೇಲೊಂದು ಕಲ್ಲು ಹೇರು” ಎಂದು ಒಳಗೆ ಹೋದಳು.

ಬೆಂಗಳೂರಿನ ಆ ಕೋಣೆ ಕತ್ತಲಾಗಿತ್ತು, ವಿಪರೀತ ತಣ್ಣಗಿತ್ತು. ದಾರದಷ್ಟು ಸಣ್ಣ ಕೊಳವೆಗೆ ನಮ್ಮ ಬಣ್ಣ ತುಂಬಿ, ಬೆರಳಿನಿಂದ ಮಡಚಿ ಇಂಗ್ಲಿಷಿನ ಎಸ್ ಅಕ್ಷರದ ಆಕಾರ ಮಾಡಿ, ಮೇಲೆ ಮಾಂಸದ ತುಂಡಿಟ್ಟೆ. ಅಲ್ಲಿನ ಹುಡುಗಿಯೊಬ್ಬಳು ಲೇಸರ್ ಹಾಕಿದಳು. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ನಾನು ಕ್ಯಾಮೆರಾದ ತಂತಿ ಸರಿಪಡಿಸುತ್ತ ಬೆನ್ನು ತಿರುಗಿಸಿ ನಿಂತಿದ್ದೆ. ಪರದೆಯ ಮುಂದೆ ಸರ್ ಇದ್ದರು.

“ಬಂತು ಕಣಮ್ಮ” ಎಂದರು. “ಬೆಳ್ಳಗೆ, ಬಳುಕಿಕೊಂಡು, ಎಸ್ ಥರಾನೇ ಐತೆ ನೋಡು. ಮೇಲ್ಗಡೆ ಸ್ವಲ್ಪ ಮಂಕು. ನಡುವೆ ಜೋರಾಗೈತೆ.”

ತಿರುಗಿ ನೋಡಿದೆ. ಆ ಕ್ಯಾಮೆರಾಕ್ಕೆ ಬಣ್ಣಗಳಿಲ್ಲ, ಅದರ ಚಿತ್ರ ಬರೀ ಕಪ್ಪು ಬಿಳುಪು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನೋಡಿ ನನಗೆ ಹೇಳುತ್ತಿದ್ದರು. ನಾನು ನೋಟ್‌ಬುಕ್ ತೆಗೆದು ಅವರ ಮಾತನ್ನು ಹಾಗೆಯೇ ಬರೆದುಕೊಂಡೆ. ಕತ್ತಲಲ್ಲಿ ಬರೆದ ಆ ಅಕ್ಷರ ಸೊಟ್ಟಗಿದೆ.

ನಮ್ಮ ಬಣ್ಣ ಲೋಕವನ್ನೇನೂ ಬದಲಿಸಲಿಲ್ಲ. ಅದಕ್ಕಿಂತ ಪ್ರಖರವಾದವನ್ನು ದೊಡ್ಡ ಲ್ಯಾಬುಗಳವರು ಬೇಗನೇ ಮಾಡಿದರು. ನೀರಿನಲ್ಲಿ ಸುಲಭವಾಗಿ ಕರಗುವಂಥದ್ದನ್ನೂ ಮಾಡಿದರು. ನಮ್ಮದೊಂದು ಪ್ರಬಂಧ ಮಧ್ಯಮ ದರ್ಜೆಯ ಪತ್ರಿಕೆಯಲ್ಲಿ ಬಂತು. ಆ ಕೊಡೆ ಹಿಡಿಯುವ ಉಪಾಯವನ್ನು ಕೆಲವರು ತಮ್ಮ ಅಣುಗಳಿಗೆ ಬಳಸಿಕೊಂಡರು. ಮಂಡಿ ಮೊಹಲ್ಲಾಕ್ಕೆ ಹೋಗಿ ಸಾಬರಿಗೆ ಹೇಳಿ ಬಂದೆ, ಅವರು ಟೀ ಕುಡಿಸಿದರು.

ಥೀಸಿಸ್ ಬರೆಯುವಾಗ ಆ ಮೊದಲ ಕೊಳವೆಯ ವಿಷಯಕ್ಕೆ ಬಂದು ಮೂರು ದಿನ ನಿಂತುಬಿಟ್ಟೆ. ಕೊನೆಗೆ, ಮೊದಲ ಮಾದರಿ ಎರಡು ದಿನ ಬೆಳಕಿನಲ್ಲಿ ಉಳಿದು ಕೆಟ್ಟಿತ್ತು, ಕೆಟ್ಟಿದೆಯೆಂದು ಗೊತ್ತಿದ್ದೂ ಕಳಿಸಲಾಯಿತು ಎಂದು ಬರೆದೆ. ಕರಡು ಸರ್ ಮೇಜಿನಿಂದ ವಾಪಸ್ಸು ಬಂದಾಗ ಮೊದಲು ಆ ಪುಟ ತೆರೆದೆ. ವಾಕ್ಯ ಹಾಗೆಯೇ ಇತ್ತು. ‘ಕಳಿಸಲಾಯಿತು’ ಎಂಬಲ್ಲಿ ಮಾತ್ರ ಗೆರೆ ಎಳೆದು, ಪಕ್ಕದಲ್ಲಿ ‘ಯಾರು ಕಳಿಸಿದ್ದು ಎಂಬುದು ಸ್ಪಷ್ಟವಾಗಲಿ’ ಎಂದು ಬರೆದು, ‘ನಾವು ಕಳಿಸಿದೆವು’ ಎಂದು ತಿದ್ದಿದ್ದರು.

ನಿವೃತ್ತಿಯ ಬೀಳ್ಕೊಡುಗೆಯ ದಿನ ಸರ್ ಎಲ್ಲರೆದುರು ತಮ್ಮ ಕಣ್ಣಿನ ವಿಷಯ ಹೇಳಿಬಿಟ್ಟರು. ಸಹೋದ್ಯೋಗಿಗಳು ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಸುಳ್ಳಿನ ಮಾತನ್ನು ಅಲ್ಲಿ ಎತ್ತಲಿಲ್ಲ. ಆಂಟಿ ಮುಂದಿನ ಸಾಲಿನಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನೀಗ ಇದೇ ಊರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಸಣ್ಣ ಲ್ಯಾಬು, ಇಬ್ಬರು ವಿದ್ಯಾರ್ಥಿನಿಯರು. ಕಳೆದ ತಿಂಗಳು ಅವರಲ್ಲೊಬ್ಬಳು ಬಾಗಿಲಲ್ಲಿ ನಿಂತು, ಒಳಗೆ ಬರಲೂ ಆಗದೆ ಹೋಗಲೂ ಆಗದೆ ಒದ್ದಾಡುತ್ತಿದ್ದಳು. “ಏನಾಯ್ತಮ್ಮ?” ಎಂದೆ.

“ಮೇಡಂ, ಎಲ್ಲಾ ಚೆಲ್ಲಿಬಿಟ್ಟೆ.”

“ಎಲ್ಲಿ ಚೆಲ್ಲಿದೆ, ತೋರಿಸು” ಎಂದು ಎದ್ದು ಅವಳ ಜೊತೆ ಹೋದೆ.